ಆಳಿನ ಹೆಸರಲ್ಲಿ ತೆಗೆಸಿದ ಎಕ್ಸ್‌ರೇ

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಲೇ ನನ್ನ ತಲೆ ಅರ್ಧ ನರೆಯಿತು. ಹೋದ ವರ್ಷ ಶಿಕ್ಷಕರ ತರಬೇತಿಯಲ್ಲಿ ಒಬ್ಬೊಬ್ಬರೂ ಒಂದೊಂದು ಹೊಸ ವಿಷಯದ ಮೇಲೆ ಮಾತಾಡಬೇಕು ಅಂತ ಚೀಟಿ ಎತ್ತಿಸಿದರು. ಪಕ್ಕದಲ್ಲಿದ್ದವರಿಗೆ ಹಾವಿನ ವಿಷ ಬಂತು, ಇನ್ನೊಬ್ಬರಿಗೆ ಸೌರಶಕ್ತಿ. ನನ್ನ ಚೀಟಿಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಮೈಕ್ರೋ ಆರ್‌ಎನ್‌ಎಗಳ ಸಾಧ್ಯತೆ ಅಂತಿತ್ತು. ಬದಲಾಯಿಸಿಕೊಡಿ ಅಂತ ಕೇಳಬಹುದಿತ್ತು. ಕೇಳಿದರೆ ಕಾರಣ ಹೇಳಬೇಕಾಗುತ್ತದೆ ಅಂತ ಸುಮ್ಮನಾದೆ. ಸುಮ್ಮನಾಗುವುದರಲ್ಲಿ ನನಗೆ ಹಳೆಯ ಅಭ್ಯಾಸವಿದೆ.

ಹದಿನೈದು ದಿನ ಓದಿದೆ. ಓದಿದ್ದನ್ನು ನನ್ನ ಎಂಟನೆಯ ಇಯತ್ತೆಯ ಮಕ್ಕಳಿಗೆ ಹೇಳುವ ಹಾಗೇ ಹೇಳುತ್ತೇನೆ. ಜೀವಕೋಶದಲ್ಲಿ ಜೀನಿನ ಅಪ್ಪಣೆ ಒಂದು ಚೀಟಿಯ ರೂಪದಲ್ಲಿ ಹೊರಗೆ ಬರುತ್ತದೆ, ಅದನ್ನು ಓದಿ ಪ್ರೋಟೀನು ತಯಾರಾಗುತ್ತದೆ. ಮೈಕ್ರೋ ಆರ್‌ಎನ್‌ಎ ಅನ್ನುವುದು ತೀರಾ ಸಣ್ಣ ಎಳೆ. ತಾನಾಗಿ ಏನನ್ನೂ ತಯಾರಿಸುವುದಿಲ್ಲ. ಹೋಗಿ ಆ ಚೀಟಿಗೆ ಅಂಟಿಕೊಂಡು, ಇನ್ನು ಸಾಕು ಅನ್ನುತ್ತದೆ. ಶ್ವಾಸಕೋಶದ ಗಂಟಿನಲ್ಲಿ ಹೀಗೆ ತಡೆಯುವ ಕೆಲವು ಎಳೆಗಳು ಕಡಿಮೆಯಾಗಿರುತ್ತವೆ, ಬೆಳೆಸುವ ಕಡೆಯವು ಕೆಲವು ಹೆಚ್ಚಾಗಿರುತ್ತವೆ. ಕಡಿಮೆಯಾದದ್ದನ್ನು ಹೊರಗಿನಿಂದ ಕೊಟ್ಟರೆ, ಹೆಚ್ಚಾದದ್ದನ್ನು ಕಟ್ಟಿಹಾಕಿದರೆ, ಗಂಟು ನಿಲ್ಲಬಹುದೇ ಅಂತ ನೋಡುತ್ತಿದ್ದಾರೆ. ರಕ್ತದಲ್ಲಿ ಈ ಎಳೆಗಳ ಏರುಪೇರು ನೋಡಿ ರೋಗವನ್ನು ಬೇಗ ಗುರುತಿಸಬಹುದೇ ಅಂತಲೂ ನೋಡುತ್ತಿದ್ದಾರೆ. ತೊಡಕು ಬೇಕಾದಷ್ಟಿದೆ. ಕೊಟ್ಟದ್ದು ಶ್ವಾಸಕೋಶ ಮುಟ್ಟುವ ಮೊದಲೇ ರಕ್ತದಲ್ಲಿ ಕರಗಿ ಹೋಗುತ್ತದೆ, ಇಲ್ಲವೇ ಮೈ ಅದರ ಮೇಲೆಯೇ ತಿರುಗಿ ಬೀಳುತ್ತದೆ. ಹಾಗಾಗಿ ಇದು ಇನ್ನೂ ಸಾಧ್ಯತೆ ಮಾತ್ರ, ಔಷಧಿ ಅಂಗಡಿಯಲ್ಲಿ ಸಿಗುವ ಮಾತಲ್ಲ.

ಈ ಎಳೆ ಮೊದಲು ಕಂಡದ್ದು ಮಣ್ಣಿನ ಒಂದು ಸಣ್ಣ ಹುಳುವಿನಲ್ಲಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಅಂತ ಓದಿದಾಗ ಪುಸ್ತಕ ಮುಚ್ಚಿಟ್ಟು ಅಡಿಗೆಮನೆಗೆ ಹೋಗಿ ನೀರು ಕುಡಿದೆ. ಆ ವರ್ಷಗಳಲ್ಲಿ ಸಿಂಧನೂರಿನ ನಮ್ಮ ಮನೆಯಲ್ಲಿ ಏನು ನಡೆದಿತ್ತು ಅಂತ ನನಗೆ ಗೊತ್ತು. ಜಗತ್ತಿನ ಯಾವುದೋ ಮೂಲೆಯಲ್ಲಿ ಹುಳುವಿನ ಹೊಟ್ಟೆಯೊಳಗಿನದನ್ನು ಬಗೆದು ನೋಡುತ್ತಿದ್ದಾಗ, ನಾವು ಕಣ್ಣೆದುರು ಮಲಗಿದ್ದ ಮನುಷ್ಯನನ್ನು ನೋಡದೆ ಕೂತಿದ್ದೆವು. ತರಬೇತಿಯಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿ ಮಂಡಕ್ಕಿ ಸೂಸಲ ತಿನ್ನಲು ಎದ್ದರು. ಅಲ್ಲಿ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಪ್ಪ ಸಿಂಧನೂರಿನ ಒಂದು ರೈಸ್ ಮಿಲ್ಲಿಗೆ ಭತ್ತ ಖರೀದಿ ಮಾಡಿಕೊಡುತ್ತಿದ್ದ. ವಳಕಮದಿನ್ನಿಯಿಂದ ಹಿಡಿದು ಕಾಲುವೆ ನೀರು ಹರಿಯುವ ಊರೂರು ತಿರುಗಿ, ರಾಶಿಯಿಂದ ನಾಲ್ಕು ಕಾಳು ತೆಗೆದು ಹಲ್ಲಿನಲ್ಲಿ ಕಡಿದು, ಇದು ಇನ್ನೂ ಹಸಿ, ಎರಡು ದಿನ ಒಣಗಿಸು ಅನ್ನುತ್ತಿದ್ದ. ಅವನು ಹೇಳಿದ್ದನ್ನು ಯಾವ ರೈತನೂ ಅಲ್ಲ ಅಂದದ್ದನ್ನು ನಾನು ಕಾಣೆ. ಎಂಬತ್ತರ ದಶಕದಲ್ಲಿ, ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗ, ಸುಗ್ಗಿಯಲ್ಲಿ ನನ್ನನ್ನೂ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ದಾರಿಯುದ್ದಕ್ಕೂ ನಾನು ಅವನ ತೊಡೆಯ ಮೇಲೆ. ಅವನ ಅಂಗಿಗೆ ತೌಡಿನ ವಾಸನೆ, ಸಿಗರೇಟಿನ ವಾಸನೆ. ಒಂದು ರಾಶಿಗೂ ಇನ್ನೊಂದು ರಾಶಿಗೂ ನಡುವೆ ಒಂದು ಸಿಗರೇಟು ಆಗಲೇಬೇಕು. ಅದನ್ನು ಬಿಡು ಅಂತ ಯಾರೂ ಹೇಳಲಿಲ್ಲ. ದುಡಿಯುವ ಗಂಡಸು, ಅಷ್ಟೂ ಬ್ಯಾಡೇನು ಅಂತ ಅವ್ವನೇ ಅನ್ನುತ್ತಿದ್ದಳು.

ಕೆಮ್ಮು ಶುರುವಾದದ್ದು ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ. ಮಿಲ್ಲಿನ ಧೂಳು ಅಂದುಕೊಂಡೆವು. ಅಜವಾನ, ಮೆಣಸು, ಬೆಲ್ಲ ಕುದಿಸಿ ಅವ್ವ ದಿನಕ್ಕೆರಡು ಸಲ ಕುಡಿಸಿದಳು. ಎರಡು ತಿಂಗಳ ಮೇಲೆ ಒಂದು ದಿನ ಒಗೆಯುವ ಕಲ್ಲಿನ ಹತ್ತಿರ ಅಪ್ಪನ ಕರವಸ್ತ್ರ ಹಿಡಿದುಕೊಂಡು ಹಾಗೇ ಕೂತಿದ್ದಳು. ನಾನು ಹೋಗಿ ನೋಡಿದೆ. ಬಿಳಿ ಬಟ್ಟೆಯ ಮೇಲೆ ರಕ್ತದ ಎರಡು ಗೆರೆ ಇದ್ದವು. ಅವ್ವ ಡಾಕ್ಟರ ಹತ್ತಿರ ಹೋಗೋಣ ಅನ್ನಲಿಲ್ಲ. ನಿಮ್ಮ ಕಾಕಾನ್ನ ಕರಿ ಅಂದಳು.

ಕಾಕಾ ಅಂದರೆ ಅಪ್ಪನ ತಮ್ಮ. ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿ ಇಟ್ಟಿದ್ದ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ನಮ್ಮ ಮನೆಯಲ್ಲಿ ದುಡಿಯುವವನು ಅಪ್ಪ, ತೀರ್ಮಾನ ಮಾಡುವವನು ಕಾಕಾ. ಯಾರ ಮದುವೆ ಎಲ್ಲಿ, ಎಮ್ಮೆ ಯಾವಾಗ ಮಾರಬೇಕು, ನಾನು ಕಾಲೇಜಿಗೆ ಹೋಗಬೇಕೋ ಬೇಡವೋ ಎಲ್ಲ ಅವನೇ. ಕರವಸ್ತ್ರ ನೋಡಿದವನೇ ಇದು ಟಿ.ಬಿ. ಅಂದ. ಡಾಕ್ಟರಾಗುವುದಕ್ಕೆ ಅವನಿಗೆ ಅಷ್ಟು ಸಾಕಿತ್ತು. ನನಗೆ ಗಂಡು ನೋಡುತ್ತಿದ್ದ ಕಾಲ. ಟಿ.ಬಿ. ಮನೆ ಅಂತ ಹೆಸರು ಬಿದ್ದರೆ ಹೊಸ್ತಿಲು ಯಾರು ತುಳಿಯುತ್ತಾರೆ, ಇವಳ ಹಿಂದೆ ನನ್ನ ಎರಡು ಹೆಣ್ಣು ಇವೆ, ಅಂತ ಅವನ ಲೆಕ್ಕ. ಸಿಂಧನೂರಿನಲ್ಲಿ ತೋರಿಸಿದರೆ ಸಂಜೆಯೊಳಗೆ ಬಜಾರಕ್ಕೆಲ್ಲ ಖಬರಾಗುತ್ತದೆ, ಲಿಂಗಸೂರಿಗೆ ಹೋಗೋಣ ಅಂದ. ಅಪ್ಪ ತಲೆಯಾಡಿಸಿದ. ರಾಶಿಯ ಮುಂದೆ ನಿಂತರೆ ಯಾರ ಮುಲಾಜಿಗೂ ಬೀಳದ ಮನುಷ್ಯ ತಮ್ಮನ ಮುಂದೆ ಹಾಗೆ ಆಗಿಬಿಡುತ್ತಿದ್ದ.

ನನ್ನನ್ನೂ ಕರೆದುಕೊಂಡು ಹೋದರು. ಅಣ್ಣತಮ್ಮ ಇಬ್ಬರೇ ಹೋದರೆ ಯಾಕೆ ಅಂತ ಕೇಳುತ್ತಾರೆ, ಹುಡುಗಿ ಜೊತೆಗಿದ್ದರೆ ಸೀರೆ ತರಲು ಹೊರಟಿದ್ದಾರೆ ಅಂದುಕೊಳ್ಳುತ್ತಾರೆ. ಬಸ್ಸಿನಲ್ಲಿ ಯಾರೋ ಪರಿಚಯದವರು ಕೇಳಿಯೇ ಕೇಳಿದರು, ನಾನು ನಕ್ಕು ಸೀರೆ ಅಂದೆ. ಲಿಂಗಸೂರಿನಲ್ಲಿ ಒಂದು ಖಾಸಗಿ ಎಕ್ಸ್‌ರೇ ಅಂಗಡಿ ಇತ್ತು. ಅಪ್ಪ ತಲೆಗೆ ಟವೆಲ್ ಸುತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂತ. ಬರೆದುಕೊಳ್ಳುವವನು ಹೆಸರು ಕೇಳಿದ. ಅಪ್ಪ ಬಾಯಿ ತೆರೆಯುವ ಮೊದಲೇ ಕಾಕಾ ನಮ್ಮ ಮನೆಯ ಆಳಿನ ಹೆಸರು ಹೇಳಿದ. ಊರು ಕೇಳಿದ್ದಕ್ಕೆ ಆಳಿನ ಊರು ಗುರುಗುಂಟಾ ಅಂದ. ವಯಸ್ಸು ಕೇಳಿದ್ದಕ್ಕೆ ಆಳಿನ ವಯಸ್ಸನ್ನೇ ಹೇಳಿದ. ಮೂವತ್ತು. ನಮ್ಮಪ್ಪನಿಗೆ ಆಗ ಐವತ್ತನಾಲ್ಕು. ನಮ್ಮ ಕಡೆ ವಯಸ್ಸನ್ನು ಅಂದಾಜಿನ ಮೇಲೆ ಬರೆಸುವುದು ರೂಢಿ, ಬರೆಯುವವನು ತಲೆ ಎತ್ತಿ ನೋಡಲಿಲ್ಲ. ಬರುವಾಗ ಮಾತಿಗೆ ಸಾಕ್ಷಿ ಬೇಕು ಅಂತ ಕಾಕಾ ನನಗೊಂದು ಕುಪ್ಪಸದ ಖಣ ಕೊಡಿಸಿದ. ನಾನು ಬಣ್ಣ ಆರಿಸಿದೆ. ಆರಿಸಲು ಎಷ್ಟು ಹೊತ್ತು ತೆಗೆದುಕೊಂಡೆ ಅಂತ ಇವತ್ತಿಗೂ ನೆನಪಿದೆ, ನಾಚಿಕೆಯಾಗುತ್ತದೆ.

ಮರುದಿನ ಕಾಕಾ ಆ ಫೋಟೋ ಹಿಡಿದುಕೊಂಡು ಒಬ್ಬನೇ ಲಿಂಗಸೂರಿನ ಡಾಕ್ಟರ ಹತ್ತಿರ ಹೋದ. ಎಕ್ಸ್‌ರೇಗೆ ನಮ್ಮಲ್ಲಿ ಫೋಟೋ ಅಂತಲೇ ಅನ್ನುತ್ತಿದ್ದರು. ಅಪ್ಪ ಟಿ.ಬಿ. ಡಾಕ್ಟರ ಪಾಳಿಯಲ್ಲಿ ಕೂತದ್ದನ್ನು ಯಾರಾದರೂ ನೋಡಿದರೆ ಏನು ಗತಿ, ಅದಕ್ಕೆ ಅಪ್ಪನನ್ನು ಬಿಟ್ಟು ಅಪ್ಪನ ಎದೆಯ ಫೋಟೋ ಒಂದೇ ಹೋಯಿತು. ನಮ್ಮ ಹೊಲದ ಆಳುರೀ, ಕೆಲಸ ಬಿಟ್ಟು ಬರಾಕ ಆಗಲಿಲ್ಲ ಅಂದನಂತೆ. ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರಂತೆ. ಮೂವತ್ತರ ಕೂಲಿಕಾರ, ರಕ್ತ ಕಾರುತ್ತಾನೆ, ಎದೆಯ ಮೇಲ್ಗಡೆ ಮಬ್ಬು. ಬಹುಮಟ್ಟಿಗೆ ಟಿ.ಬಿ.ನೇ, ಗುಳಿಗೆ ಶುರು ಮಾಡಲಿ, ಆದರೆ ಕಫ ತಪಾಸಣೆಗೆ ಕೊಡಬೇಕು, ವಾರದೊಳಗೆ ಆ ಮನುಷ್ಯನನ್ನೇ ಕರೆದುಕೊಂಡು ಬಾ ಅಂದರಂತೆ. ಕಾಕಾ ಮೊದಲ ಅರ್ಧವನ್ನು ಮನೆಗೆ ತಂದ. ಇನ್ನರ್ಧ ಇತ್ತು ಅನ್ನುವುದು ನಮಗೆ ತಿಳಿದದ್ದು ಏಳು ತಿಂಗಳ ಮೇಲೆ.

ಔಷಧಿ ಶುರುವಾಯಿತು. ಹಿತ್ತಲ ಕಡೆ ಭತ್ತದ ಚೀಲ ಇಡುತ್ತಿದ್ದ ಕೋಣೆ ಖಾಲಿ ಮಾಡಿಸಿ ಅಪ್ಪನ ಹೊರಸು ಅಲ್ಲಿ ಹಾಕಿದರು. ತಟ್ಟೆ ಬೇರೆ, ಚರಿಗೆ ಬೇರೆ. ನಾನು ರೊಟ್ಟಿ ಪಲ್ಯ ಹೊಸ್ತಿಲ ಮೇಲಿಟ್ಟು ಸರಿಯಬೇಕು, ಆಮೇಲೆ ಅವನು ಎದ್ದು ಬಂದು ತೆಗೆದುಕೊಳ್ಳಬೇಕು. ಒಂದು ದಿನ ಮರೆತು ಒಳಗೆ ಕಾಲಿಟ್ಟಾಗ ಅಪ್ಪನೇ ಗದರಿಸಿದ. ನಿನಗ ಹತ್ತಿದ್ರ ನಿನ್ನ ಬಾಳೇ ಹಾಳು, ಹೊರಗ ನಿಂದ್ರು ಅಂದ. ಹೊರಗೆ ನಿಂತೇ ಮಾತಾಡುತ್ತಿದ್ದೆವು. ಪರೀಕ್ಷೆ ಯಾವಾಗ, ಬಸವಿ ಎಮ್ಮೆ ಹಾಲು ಎಷ್ಟು ಕೊಡುತ್ತದೆ, ಇಷ್ಟೇ. ಗುಳಿಗೆಯಿಂದ ಮೂತ್ರ ಕೆಂಪಾಗುತ್ತಿತ್ತು. ನೋಡು, ರೋಗ ಹೆಂಗ ಹೊರಗ ಬರಾಕತ್ತೈತಿ ಅಂತ ಕಾಕಾ ಖುಷಿಪಟ್ಟ. ಅದು ಗುಳಿಗೆಯ ಬಣ್ಣ ಅಷ್ಟೇ ಅಂತ ಯಾವ ಔಷಧಿ ಅಂಗಡಿಯವನೂ ಹೇಳುತ್ತಿದ್ದ. ಕೇಳಿದರೆ ತಾನೇ.

ಸೂಜಿ ಮಾಡಿಸಲು ಮಸ್ಕಿಗೆ ಹೋಗುತ್ತಿದ್ದರು. ಅಲ್ಲಿ ಒಬ್ಬ ಕಂಪೌಂಡರ್ ಮನೆಯಲ್ಲೇ ಸೂಜಿ ಹಾಕುತ್ತಿದ್ದ, ಹೆಚ್ಚು ಕೇಳುತ್ತಿರಲಿಲ್ಲ. ಅಪ್ಪ ಖರೀದಿಗೆ ಹೊರಟವನ ಹಾಗೆ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಬಸ್ ಹತ್ತುತ್ತಿದ್ದ. ದಿನ ದಿನಕ್ಕೆ ಆ ಅಂಗಿ ಅವನ ಮೈಮೇಲೆ ದೊಡ್ಡದಾಗುತ್ತಾ ಹೋಯಿತು. ಅವ್ವ ಎರಡು ಸಲ ಹೊಲಿಗೆ ಹಿಡಿದು ಸಣ್ಣ ಮಾಡಿದಳು.

ಈಗ ಆಳಿನ ಮಾತು. ನಮ್ಮಲ್ಲಿ ಆರು ವರ್ಷದಿಂದ ಇದ್ದ. ಎತ್ತಿನಂಥ ಮೈ, ಜ್ವರ ಅಂತ ಒಂದು ದಿನ ಮಲಗಿದವನಲ್ಲ. ಎಕ್ಸ್‌ರೇ ಅಂಗಡಿಯಲ್ಲಿ ಹೆಸರು ಬರೆದುಕೊಂಡವನಿಗೆ ಗುರುಗುಂಟಾದಲ್ಲಿ ಬೀಗರಿದ್ದರು. ಆ ಹೆಸರಿನವನಿಗೆ ಟಿ.ಬಿ. ಆಗಿದೆಯಂತೆ ಅನ್ನುವ ಮಾತು ಮೂರು ತಿಂಗಳಲ್ಲಿ ಅವನ ಊರು ಮುಟ್ಟಿತು. ಅವನ ಹೆಂಡತಿಯ ಅಣ್ಣಂದಿರು ಬಂದು ಅವಳನ್ನೂ ಕೂಸನ್ನೂ ತವರಿಗೆ ಕರೆದುಕೊಂಡು ಹೋದರು. ಒಂದು ಬೆಳಿಗ್ಗೆ ಅವನು ನಮ್ಮ ಅಂಗಳದಲ್ಲಿ ಬಂದು ನಿಂತ. ಕಾಕಾ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ನಾನು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದೆ.

“ಸಾವ್ಕಾರ್ರ, ನನಗ ಏನ್ ರೋಗ ಐತ್ರಿ?” ಅಂದ.

ಕಾಕಾ ಏನೂ ಇಲ್ಲ ಅಂದ.

“ಮತ್ತ ನನ್ನ ಹೆಸರಿನ ಫೋಟೋ ಲಿಂಗಸೂರಾಗ ಹೆಂಗ ಬಂತ್ರಿ? ನಾ ಲಿಂಗಸೂರಿಗೆ ಹೋಗೇ ಇಲ್ಲ. ಹೆಣ್ತಿ ಮನ್ಯಾಗ ಯಾರೂ ನಂಬವಲ್ರು. ನೀವು ಒಂದ್ ಮಾತ್ ಬಂದು ಹೇಳ್ರಿ.”

ಒಂದೇ ಮಾತು ಅವನು ಕೇಳಿದ್ದು. ಕಾಕಾ ಚಹಾ ಮುಗಿಸಿ ಲೋಟ ಕೆಳಗಿಟ್ಟು, ಆ ಹೆಸರಿನವರು ಊರಿಗೆ ಹತ್ತು ಮಂದಿ ಇರುತ್ತಾರೆ, ನೀ ನಾಲ್ಕು ದಿನ ಊರಿಗೆ ಹೋಗಿ ಇರು, ಎಲ್ಲ ತಣ್ಣಗಾಗುತ್ತದೆ ಅಂದ. ಅವನು ನನ್ನ ಕಡೆ ನೋಡಿದ. ನಾನು ಮೊರದಲ್ಲಿ ಕಲ್ಲು ಹುಡುಕಿದೆ. ಹಿತ್ತಲ ಕೋಣೆಯಲ್ಲಿ ಅಪ್ಪ ಕೆಮ್ಮುವುದು ಅಂಗಳಕ್ಕೆ ಚೆನ್ನಾಗಿ ಕೇಳುತ್ತಿತ್ತು. ಅವನು ಸ್ವಲ್ಪ ಹೊತ್ತು ನಿಂತು ಆ ಕೆಮ್ಮನ್ನು ಕೇಳಿದ. ಅವನಿಗೆ ತಿಳಿಯಿತು. ಯಾರನ್ನೂ ಬೈಯಲಿಲ್ಲ, ತನ್ನ ಕಂಬಳಿ ತೆಗೆದುಕೊಂಡು ಹೋದ. ಆಮೇಲೆ ಅವನನ್ನು ನಾನು ನೋಡಲಿಲ್ಲ. ಹೆಂಡತಿ ತಿರುಗಿ ಬಂದಳೋ ಇಲ್ಲವೋ ಗೊತ್ತಿಲ್ಲ, ತಿಳಿದುಕೊಳ್ಳಲು ನಾನು ಪ್ರಯತ್ನ ಮಾಡಲಿಲ್ಲ ಅನ್ನುವುದೇ ಖರೆ. ನಮ್ಮಂಥ ಮನೆಗಳಲ್ಲಿ ಅನ್ನಕ್ಕೆ ಬಂದವನ ದುಡಿಮೆ ತೆಗೆದುಕೊಳ್ಳುತ್ತಿದ್ದರು. ನಾವು ಹೆಸರನ್ನೂ ತೆಗೆದುಕೊಂಡೆವು, ರೋಗವನ್ನು ಅವನಿಗೆ ಕೊಟ್ಟು ಕಳಿಸಿದೆವು.

ಐದನೆಯ ತಿಂಗಳಿಗೆ ಅಪ್ಪನ ದನಿ ಒಡೆಯಿತು. ಭುಜ ನೋಯುತ್ತದೆ ಅನ್ನತೊಡಗಿದ. ಕೈಬೆರಳ ತುದಿಗಳು ಗುಂಡಗೆ ಉಬ್ಬಿ, ಉಗುರು ಬಾಗಿದ್ದವು. ಮಿಲ್ಲಿನಿಂದ ಯಾರೋ ಮಾದರಿ ಭತ್ತ ಕಳಿಸಿದ್ದರು. ಅಪ್ಪ ಹಾಸಿಗೆಯಲ್ಲೇ ಕೂತು ಬೆರಳಲ್ಲಿ ಉಜ್ಜಿ ನೋಡಿ, ಬೆರಳು ದಪ್ಪ ಆಗ್ಯಾವ, ಕಾಳಿನ ಗುಣ ತಿಳಿಯವಲ್ದು ಅಂತ ವಾಪಸು ಕಳಿಸಿದ. ಬಾಗಿಲಲ್ಲಿ ನಿಂತು ನಾನು ಆ ಬೆರಳು ನೋಡಿದೆ. ವಿಜ್ಞಾನ ಓದುತ್ತಿದ್ದವಳು, ಕಪ್ಪೆ ಕೊಯ್ದು ಹೃದಯ ಗುರುತು ಹಚ್ಚಿ ಶಭಾಷ್ ಅನ್ನಿಸಿಕೊಂಡವಳು. ಅಪ್ಪನ ಬೆರಳು ಏನೋ ಹೇಳುತ್ತಿವೆ ಅಂತ ನನಗೆ ಹೊಳೆಯಲಿಲ್ಲ. ದವಾಖಾನೆಗೆ ಇನ್ನೊಮ್ಮೆ ಹೋಗೋಣ ಅಂತ ಅವ್ವ ಒಂದೆರಡು ಸಲ ಅಂದಳು. ಔಷಧಿ ನಡುವೆ ಬಿಟ್ಟರೆ ಕೆಡುತ್ತದೆ, ಮುಗಿಯಲಿ ಅಂತ ಕಾಕಾ ಬಾಯಿ ಮುಚ್ಚಿಸಿದ.

ಆ ನಡುವೆಯೇ ಮಸ್ಕಿಯಿಂದ ನನ್ನನ್ನು ನೋಡಲು ಬಂದರು. ಬಟ್ಟೆ ಅಂಗಡಿಯ ಮನೆತನ. ಪಡಸಾಲೆಯಲ್ಲಿ ಜಮಖಾನೆ ಹಾಸಿ, ಅಪ್ಪ ಖರೀದಿಗೆ ಹೋಗಿದ್ದಾನೆ, ಸುಗ್ಗಿ ಕಾಲ, ಬಿಡುವಿಲ್ಲ ಅಂತ ಕಾಕಾ ಹೇಳಿದ. ಅಪ್ಪ ಹಿತ್ತಲ ಕೋಣೆಯಲ್ಲಿ ಕದ ಹಾಕಿಕೊಂಡು, ಕೆಮ್ಮು ಹೊರಗೆ ಬೀಳದ ಹಾಗೆ ಬಾಯಿಯಲ್ಲಿ ಟವೆಲ್ ತುರುಕಿಕೊಂಡು ಕೂತಿದ್ದ. ಅವರು ಹೋದ ಮೇಲೆ ಅವ್ವ ಕದ ತೆಗೆದಾಗ ಕಣ್ಣು ಕೆಂಪಾಗಿ, ಮುಖ ಊದಿತ್ತು. ಒಪ್ಪಿದರಾ ಅಂತ ಕೈಸನ್ನೆಯಲ್ಲಿ ಕೇಳಿದ. ಒಪ್ಪಿದರು ಅಂದೆ. ಆ ಮನೆಗೇ ನಾನು ಮುಂದೆ ಸೊಸೆಯಾಗಿ ಹೋದೆ. ಮದುವೆಯಾಗಿ ವರ್ಷದ ಮೇಲೆ ಅತ್ತೆ ಸೊಪ್ಪು ಸೋಸುತ್ತಾ ಕೂತಾಗ, ನಿಮ್ಮಪ್ಪಗ ಟಿ.ಬಿ. ಅಂತ ನಮಗ ಮೊದಲ ಗೊತ್ತಿತ್ತು, ಕಂಪೌಂಡರ್ ನಮ್ಮ ಓಣಿಯವನೇ, ಅದಕ್ಕೇನು, ನಮ್ಮ ಮಾವಗೂ ಆಗಿತ್ತು, ಅವರು ಎಂಬತ್ತು ವರ್ಷ ಬದುಕಿದರು ಅಂದಳು. ನಾನು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಯಾರಿಂದ ಮುಚ್ಚಿಟ್ಟಿದ್ದೆವೋ ಅವರಿಗೆ ಅದು ಬೇಕಾಗಿಯೇ ಇರಲಿಲ್ಲ.

ಒಂಬತ್ತು ತಿಂಗಳ ಕೋರ್ಸಿನಲ್ಲಿ ಏಳು ಮುಗಿದಿತ್ತು. ಅಪ್ಪನಿಗೆ ನೀರು ನುಂಗುವುದೂ ಕಷ್ಟವಾದಾಗ ಕಾಕಾ ಹೆದರಿದ. ಹೈದರಾಬಾದಿನ ದೊಡ್ಡಾಸ್ಪತ್ರೆಗೆ ಹೋದೆವು, ಅಪ್ಪ, ಕಾಕಾ, ನಾನು. ಅಲ್ಲಿ ವಾರ ಇಟ್ಟುಕೊಂಡು ಏನೇನೋ ತೆಗೆದರು, ನೋಡಿದರು. ಕೊನೆಗೆ ಡಾಕ್ಟರು ಅಪ್ಪನನ್ನು ವಾರ್ಡಿನಲ್ಲಿ ಬಿಟ್ಟು ನಮ್ಮಿಬ್ಬರನ್ನು ಕರೆದರು. ವಯಸ್ಸಾದವರು, ನಮ್ಮ ಕಡೆಯ ಕನ್ನಡ ಬರುತ್ತಿತ್ತು. ಲಿಂಗಸೂರಿನ ಫೋಟೋ ಗೋಡೆಯ ದೀಪಕ್ಕೆ ಸಿಕ್ಕಿಸಿದ್ದರು.

ಈ ಮೂವತ್ತು ವರ್ಷದವನು ಯಾರು ಅಂತ ಕೇಳಿದರು. ನಾನು ಹೇಳಿದೆ. ಹೆಸರು ಬೇರೆ, ಊರು ಬೇರೆ, ವಯಸ್ಸು ಬೇರೆ, ಎದೆ ಮಾತ್ರ ಅಪ್ಪನದು ಅಂತ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಕಫ ಯಾವಾಗ ತಪಾಸಣೆ ಮಾಡಿಸಿದಿರಿ ಅಂದರು. ಮಾಡಿಸಿಲ್ಲ ಅಂದ ಕಾಕಾ. ಗುಳಿಗೆ ಬರೆದುಕೊಟ್ಟ ಡಾಕ್ಟರು ಇವರನ್ನು ನೋಡಲಿಲ್ಲವೇ ಅಂದರು. ಆಗ ಕಾಕಾ ನೆಲ ನೋಡುತ್ತಾ ಎಲ್ಲ ಹೇಳಿದ. ಕಫ ತಾ ಅಂದದ್ದು, ಮನುಷ್ಯನನ್ನು ಕರೆದುಕೊಂಡು ಬಾ ಅಂದದ್ದು, ತಾನು ಹೋಗದೆ ಬಿಟ್ಟದ್ದು. ಪಕ್ಕದಲ್ಲಿ ಕೂತು ನಾನು ಅದನ್ನು ಮೊದಲ ಸಲ ಕೇಳಿದೆ.

“ಇದು ಟಿ.ಬಿ. ಅಲ್ಲಮ್ಮ. ಕ್ಯಾನ್ಸರ್ ಗಂಟು,” ಅಂದರು ಡಾಕ್ಟರು. “ಐವತ್ತು ದಾಟಿದ ಮನುಷ್ಯ, ಇಷ್ಟು ಸಿಗರೇಟ್ ಸೇದಾನ, ಬೆರಳು ಹಿಂಗ ಆಗ್ಯಾವ. ಅವರು ಎದುರಿಗೆ ಬಂದಿದ್ರ ಯಾವ ಡಾಕ್ಟರಿಗೂ ಅನುಮಾನ ಬರ್ತಿತ್ತು.”

ಆಗಲೇ ತಿಳಿದಿದ್ದರೆ ಬದುಕುತ್ತಿದ್ದನೇ ಅಂತ ಕೇಳಿದೆ. ಆಗ ಕೊಯ್ದು ತೆಗೆಯಲು ಬರುತ್ತಿತ್ತೋ ಏನೋ, ಖಾತ್ರಿ ಹೇಳಲಾರೆ, ಈಗಂತೂ ಬರುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದರು. ಆ “ಏನೋ” ನನ್ನ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದೆ. ಇನ್ನೊಂದು ಮಾತು ಅವರು ತಾವಾಗಿಯೇ ಹೇಳಿದರು. ನಾನು ವಾರ್ಡಿನಲ್ಲಿ ಅಪ್ಪನಿಂದ ಮಾರು ದೂರ ನಿಲ್ಲುವುದನ್ನು ನೋಡಿದ್ದರೋ ಏನೋ. ಇದು ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗವಲ್ಲ, ಪಕ್ಕದಲ್ಲಿ ಕೂತು ಊಟ ಮಾಡಿಸು ಅಂದರು.

ವಾಪಸು ಹೊರಡುವ ಮೊದಲು ಆಸ್ಪತ್ರೆಯ ಹೊರಗೆ ಬೇವಿನ ಗಿಡದ ಕೆಳಗೆ ಕಾಕಾ ಅತ್ತ. ಟವೆಲ್ಲಿಗೆ ಮುಖ ಒರಸಿ ಒರಸಿ ಅತ್ತ. ಅಣ್ಣನ ಮೇಲೆ ಅವನಿಗೆ ಪ್ರೀತಿ ಇರಲಿಲ್ಲ ಅಂತ ನಾನು ಹೇಳಲಾರೆ, ಹೇಳಿದರೆ ನನ್ನ ಸಿಟ್ಟಿಗೆ ಹಗುರ ಆಗುತ್ತಿತ್ತು. ಅತ್ತು ಮುಗಿಸಿದವನೇ ಮತ್ತೆ ತೀರ್ಮಾನ ಮಾಡಿದ.

“ನಿಮ್ಮಪ್ಪಗ ಕ್ಯಾನ್ಸರ್ ಅಂತ ಹೇಳಬ್ಯಾಡ. ಕೇಳಿದ್ರ ಎದಿ ಒಡದು ಇವತ್ತ ಸಾಯ್ತಾನ. ಟಿ.ಬಿ.ನ ಅಂದ್ಕೊಂಡಿರಲಿ. ಟಿ.ಬಿ. ಅಂದ್ರ ಆರಾಮ ಆಗೂ ಆಶಾ ಐತಿ ಅವಗ.”

ನಮ್ಮ ಕಡೆ ಹಾಗೇ. ಈ ರೋಗದ ಹೆಸರನ್ನು ರೋಗಿಯ ಮುಂದೆ ಆಡುವುದಿಲ್ಲ. ಮನೆಯವರೆಲ್ಲ ಹಂಚಿಕೊಳ್ಳುತ್ತೇವೆ, ಯಾರ ಮೈಯೊಳಗೆ ಇದೆಯೋ ಅವರೊಬ್ಬರನ್ನು ಬಿಟ್ಟು. ಮನೆಗೆ ಬಂದು ಹೇಳಿದಾಗ ಅವ್ವನೂ ಹೂಂ ಅಂದಳು. ಅನುಮಾನ ಬರಬಾರದು ಅಂತ ಟಿ.ಬಿ. ಗುಳಿಗೆಗಳನ್ನೂ ಮುಂದುವರಿಸಿದೆವು. ನುಂಗಲಾಗದ ಗಂಟಲಿಗೆ ಗುಳಿಗೆ ಪುಡಿ ಮಾಡಿ, ಜೇನುತುಪ್ಪದಲ್ಲಿ ಕಲಸಿ ಕೊಡುವ ಕೆಲಸ ನನ್ನದು. ಎಂಥ ಗುಳಿಗೆ ಅಂತ ಗೊತ್ತಿದ್ದೂ ಪುಡಿ ಮಾಡಿದೆ.

ಊರಿಗೆ ಬಂದ ಮರುದಿನ ನಾನು ತಟ್ಟೆಯನ್ನು ಹೊಸ್ತಿಲ ಮೇಲಿಡಲಿಲ್ಲ. ಸೀದಾ ಒಳಗೆ ಹೋಗಿ ಅಪ್ಪನ ಹೊರಸಿನ ಮೇಲೆ ಕೂತೆ. ಅವನು ಗಡಬಡಿಸಿ ಕಂಬಳಿಯನ್ನು ಬಾಯಿವರೆಗೆ ಎಳೆದುಕೊಂಡು ಗೋಡೆ ಕಡೆ ತಿರುಗಿದ.

“ಎದ್ದು ಹೊರಗ ಹೋಗು ಯವ್ವಾ. ಮಸ್ಕಿಯವ್ರು ಒಪ್ಯಾರ. ಈಗ ನಿನಗ ಇದು ಹತ್ತಿದ್ರ ನಾ ಹೆಂಗ ತಾಳಲಿ?”

“ಹತ್ತೂದಿಲ್ಲಪ್ಪ,” ಅಂದೆ.

“ಯಾರ್ ಹೇಳ್ಯಾರ?”

ಡಾಕ್ಟರು ಹೇಳಿದ್ದಾರೆ ಅನ್ನಬೇಕಿತ್ತು. ಯಾಕೆ ಹತ್ತುವುದಿಲ್ಲ ಅಂತ ಮುಂದೆ ಕೇಳುತ್ತಿದ್ದ. ಕೇಳಿದರೆ ಹೇಳಬೇಕಿತ್ತು. ಜೀವ ಹೋಗುವುದು ಹೇಗೂ ಹೋಗುತ್ತಿತ್ತು. ಇದ್ದಷ್ಟು ದಿನ ಅವನ ತಲೆ ನನ್ನ ತೊಡೆಯ ಮೇಲೆ ಇರಬಹುದಿತ್ತು. ಬಾಗಿಲಲ್ಲಿ ಅವ್ವ ನಿಂತಿದ್ದಳು, ಬೇಡ ಅಂತ ತಲೆಯಾಡಿಸಿದಳು. ಅವ್ವನನ್ನು ಯಾಕೆ ಎಳೆಯಲಿ, ಅವಳು ಇರದಿದ್ದರೂ ನಾನು ಹೇಳುತ್ತಿರಲಿಲ್ಲ. ಎದ್ದು ಹೊರಗೆ ಬಂದು ತಟ್ಟೆಯನ್ನು ಹೊಸ್ತಿಲ ಮೇಲಿಟ್ಟೆ. ಅವನಿಗೆ ಎದ್ದು ಬರಲು ತ್ರಾಣ ಇರಲಿಲ್ಲ. ಅವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಹೋಗಿ ತಿನ್ನಿಸಿದಳು. ಗೊತ್ತಿದ್ದೂ ಸೆರಗು ಕಟ್ಟಿಕೊಂಡಳು. ಕಟ್ಟಿಕೊಳ್ಳದಿದ್ದರೆ ಅವನು ಬಾಯಿ ತೆರೆಯುತ್ತಿರಲಿಲ್ಲ.

ಹಾಗೆ ಒಂದೂವರೆ ತಿಂಗಳು ನಡೆಯಿತು. ಕ್ಯಾನ್ಸರ್ ಇದ್ದವನು ತನಗೆ ಟಿ.ಬಿ. ಅಂತ ನಂಬಿ, ಹತ್ತದ ರೋಗ ಹತ್ತಬಾರದು ಅಂತ ನಮ್ಮನ್ನು ಕಾಪಾಡಿದ. ನಾವು ಕಾಪಾಡಿಸಿಕೊಂಡೆವು. ದೊಡ್ಡದಾಗಿ ಉಸಿರು ಎಳೆಯುವಾಗಲೂ ಮುಖ ಗೋಡೆಗೇ. ಒಂದು ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು ಗುಳಿಗೆ ಕುಟ್ಟುತ್ತಿದ್ದಾಗ, ಇನ್ನೆಷ್ಟು ದಿನದವು ಅದಾವ ಅಂತ ಕೇಳಿದ. ಡಬ್ಬಿ ನೋಡಿ, ಇಪ್ಪತ್ತು ದಿನದವು ಅಂದೆ.

“ಇಪ್ಪತ್ತು ದಿನ ತಡಿ,” ಅಂದ ಗೋಡೆ ಕಡೆ ಮುಖ ಮಾಡಿಕೊಂಡೇ. “ಕೋರ್ಸ್ ಮುಗದ ಮ್ಯಾಲ ಏನೂ ಅಂಜಿಕಿ ಇರೂದಿಲ್ಲ. ಆವಾಗ ಬಂದು ನನ್ನ ಬಾಜು ಕುಂದರು.”

ಹೂಂ ಅಂದೆ.

ಒಂಬತ್ತನೆಯ ದಿನ ಮಧ್ಯಾಹ್ನ, ಅವ್ವ ಗಂಜಿ ತರಲು ಹೋದಾಗ, ಹೋಗಿಬಿಟ್ಟ. ಗುಳಿಗೆಯ ಪುಡಿ ಇದ್ದ ಬಟ್ಟಲು ಹಿಡಿದು ನಾನು ಬಾಗಿಲಲ್ಲೇ ಇದ್ದೆ. ಬಟ್ಟಲು ಕೆಳಗಿಟ್ಟು ಒಳಗೆ ಹೋಗಿ ಅವನ ಪಕ್ಕದಲ್ಲಿ ಕೂತೆ. ಹೊರಗ ಹೋಗು ಅನ್ನಲಿ ಅಂತ ಕಾದೆ.